ಉಳವಿಯ ಸುತ್ತಣ ಕಾಳಿ ಕೊಳ್ಳ

ಧಾರವಾಡ, ಬೆಳಗಾವಿ, ಗದಗ, ಬಾಗಲಕೋಟೆಯ ಸೀಮೆಗಳಲ್ಲಿ ಉಳವಿಯ ಹೆಸರನ್ನು ಕೇಳದ ಶರಣ ಮನೆತನವಿರಲಾರದು. ಭರತ ಹುಣ್ಣಿಮೆ ಸಮೀಪಿಸಿತೆಂದರೆ ಹಳ್ಳಿಗಳಲ್ಲಿ ಬಂಡಿಯ ಕೀಲಿಗೆ ಎಣ್ಣೆ ಬೀಳುತ್ತದೆ. ಒಲೆಯ ಮುಂದೆ ಕಟಕ ರೊಟ್ಟಿಯ ರಾಶಿ ಏಳುತ್ತದೆ. ಹೋಗಿ ಬಂದವರು ಚನ್ನಬಸವಣ್ಣನವರ ಗದ್ದುಗೆಯನ್ನು, ತೇರನ್ನು, ಪ್ರಸಾದದ ಪಂಕ್ತಿಯನ್ನು ಬಾಯ್ತುಂಬ ವರ್ಣಿಸುತ್ತಾರೆ. ಆದರೆ ಆ ಗದ್ದುಗೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಎಂಟೂವರೆ ಶತಮಾನಗಳಿಂದ ಕಾದಿರುವ ಕೊಳ್ಳವನ್ನು ನಿಂತು ನೋಡಿದವರು ವಿರಳ. ಶರಣರು ಬೇರೆಲ್ಲಿಗೂ ಹೋಗದೆ ಈ ದುರ್ಗಮ ಮಲೆಗೇ ಏಕೆ ಬಂದರು ಎಂಬ ಪ್ರಶ್ನೆಗೆ ಪುರಾಣ ಗ್ರಂಥಗಳು ಕೊಡುವ ಉತ್ತರಕ್ಕಿಂತ ಸ್ಪಷ್ಟವಾದ ಉತ್ತರವನ್ನು ಇಲ್ಲಿಯ ನದಿ, ಬೆಟ್ಟ, ಗವಿಗಳು ಕೊಡುತ್ತವೆ. ಆದುದರಿಂದ ಈ ಲೇಖನದಲ್ಲಿ ಕ್ಷೇತ್ರದೊಡನೆ ಅದರ ನೆರೆಹೊರೆಯನ್ನೂ ಓದುಗ ಬಂಧುಗಳಿಗೆ ಪರಿಚಯಿಸುವ ಉದ್ದೇಶವಿದೆ.

ಉಳವಿ ಇರುವುದು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿ. ಹಳಬರು ಇದನ್ನು ಇಂದಿಗೂ ಸೂಪಾ ತಾಲೂಕು ಎಂದೇ ಕರೆಯುತ್ತಾರೆ. ಪಶ್ಚಿಮಕ್ಕೆ ಗೋವಾ, ಉತ್ತರಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ. ನಡುವೆ ಸಹ್ಯಾದ್ರಿಯ ಏಣು. ವಿಸ್ತಾರದಲ್ಲಿ ದೊಡ್ಡದಾದ ಈ ತಾಲೂಕಿನ ಜನಸಂಖ್ಯೆ 2011ರ ಜನಗಣತಿಯಂತೆ 50 ಸಾವಿರದ ಆಸುಪಾಸು ಮಾತ್ರ. ಮಿಕ್ಕಿದ್ದೆಲ್ಲ ಕಾಡು. ಗಡಿಯ ನೆನಪು ಇಲ್ಲಿ ಹಳೆಯದು. ಮರ್ಮಗೋವಾ ಬಂದರಿನಿಂದ ಘಟ್ಟವೇರಿ ಬಂದ ರೈಲು 1880ರ ದಶಕದಲ್ಲಿ ಇದೇ ತಾಲೂಕಿನ ಕ್ಯಾಸಲ್‌ರಾಕ್ ಮುಟ್ಟಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗೊಳ್ಳುವವರೆಗೂ ಆ ಪುಟ್ಟ ನಿಲ್ದಾಣದ ಆಚೆಗೆ ಪೋರ್ಚುಗೀಸರ ಆಳ್ವಿಕೆ, ಈಚೆಗೆ ನಮ್ಮದು.

ಕಾಳಿ ನದಿ ಹುಟ್ಟುವುದು ಈ ಗಡಿಯ ಅಂಚಿನ ಡಿಗ್ಗಿ ಗ್ರಾಮದ ಬಳಿ. ಅರಬ್ಬೀ ಸಮುದ್ರ ಅಲ್ಲಿಂದ ದೂರವೇನಲ್ಲ. ಆದರೆ ನದಿ ನೇರವಾಗಿ ಕಡಲಿಗಿಳಿಯದೆ ಮೊದಲು ಪೂರ್ವಕ್ಕೆ ಹರಿದು ಸೂಪಾ, ದಾಂಡೇಲಿಗಳನ್ನು ಕಂಡು, ಬಳಿಕ ದಕ್ಷಿಣಕ್ಕೆ ಹೊರಳಿ, ಮತ್ತೆ ಪಶ್ಚಿಮಕ್ಕೆ ತಿರುಗಿ, 184 ಕಿಲೋಮೀಟರುಗಳ ಪಯಣ ಮುಗಿಸಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಈ ದೊಡ್ಡ ಬಳಸಿನ ಒಳಗಡೆಗೆ ಉಳವಿ ಇದೆ. ಉತ್ತರ, ಪೂರ್ವ, ದಕ್ಷಿಣ ಮೂರು ದಿಕ್ಕಿಗೂ ಕಾಳಿಯ ಕಂದಕ. ಪಶ್ಚಿಮಕ್ಕೆ ಸಹ್ಯಾದ್ರಿಯ ಗೋಡೆ. ಬಯಲುಸೀಮೆಯಿಂದ ಕುದುರೆ, ಆನೆಗಳೊಡನೆ ಬೆನ್ನಟ್ಟಿ ಬರುವ ಸೈನ್ಯಕ್ಕೆ ಇದಕ್ಕಿಂತ ಕಠಿಣವಾದ ಎಡೆ ಇನ್ನೊಂದಿರಲಾರದು. ಭೂಪಟವನ್ನು ಮುಂದಿಟ್ಟುಕೊಂಡು ಈ ನದಿಯ ಗೆರೆಯ ಮೇಲೆ ಒಮ್ಮೆ ಬೆರಳಾಡಿಸಿದರೆ ಸಾಕು, ಶರಣರ ಆಯ್ಕೆ ಆಕಸ್ಮಿಕವಲ್ಲವೆಂಬುದು ಮನವರಿಕೆಯಾಗುತ್ತದೆ.

ಕಲ್ಯಾಣದ ಕಥೆ ಓದುಗರಿಗೆ ತಿಳಿದದ್ದೇ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಕಲ್ಯಾಣ, ಅದಕ್ಕೆ ರಾಜಾಜ್ಞೆಯಿಂದ ದೊರೆತ ಘೋರ ಶಿಕ್ಷೆ, ನಗರದಲ್ಲಿ ಎದ್ದ ಕ್ಷೋಭೆ, ಬಿಜ್ಜಳನ ಅಂತ್ಯ, ಇವೆಲ್ಲವೂ 1160ರ ದಶಕದ ಕೊನೆಯಲ್ಲಿ ನಡೆದವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಶರಣರು ಗುಂಪುಗುಂಪಾಗಿ ಚದುರಿದರು. ಬಸವಣ್ಣನವರ ಸೋದರಳಿಯ, ಅಕ್ಕನಾಗಮ್ಮನವರ ಮಗ, ಷಟ್‌ಸ್ಥಲ ಜ್ಞಾನಿ ಚನ್ನಬಸವಣ್ಣನವರ ಮುಂದಾಳುತನದಲ್ಲಿ ಒಂದು ದಂಡು ವಚನದ ಕಟ್ಟುಗಳನ್ನು ಹೊತ್ತು ನೈಋತ್ಯಕ್ಕೆ ನಡೆಯಿತು. ಬಸವಕಲ್ಯಾಣದಿಂದ ಉಳವಿಗೆ ನೇರ ಗೆರೆ ಎಳೆದರೂ 400 ಕಿಲೋಮೀಟರಿಗೆ ಕಡಿಮೆಯಿಲ್ಲ. ಹಿಂದೆ ಸೈನ್ಯ, ಮುಂದೆ ಕಾಡು, ತಲೆಯ ಮೇಲೆ ತಾಡೋಲೆಯ ಹೊರೆ.

ಈ ಘಟನೆಗಳ ವಿಸ್ತಾರವಾದ ಕಥನ ನಮಗೆ ಸಿಗುವುದು ವಿರೂಪಾಕ್ಷ ಪಂಡಿತನ ‘ಚನ್ನಬಸವ ಪುರಾಣ’ದಂಥ ಕೃತಿಗಳಲ್ಲಿ. ಅದು ರಚಿತವಾದದ್ದು 1584ರಲ್ಲಿ, ಎಂದರೆ ಘಟನೆ ನಡೆದು 400 ವರ್ಷಗಳಾದ ಮೇಲೆ. ಕವಿಯ ಮಾತಿನಲ್ಲಿ ಭಕ್ತಿಯೆಷ್ಟು, ಇತಿಹಾಸವೆಷ್ಟು ಎಂದು ಬೇರ್ಪಡಿಸುವ ಕೆಲಸ ವಿದ್ವಾಂಸರದು. ದಾರಿಯುದ್ದಕ್ಕೂ ಉಳಿದಿರುವ ಐಕ್ಯಸ್ಥಳಗಳ ಸಾಲು ಮಾತ್ರ ಕಣ್ಣೆದುರಿಗೇ ಇದೆ. ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಳ. ಸಮೀಪದ ಕಾದರವಳ್ಳಿಯಲ್ಲಿ ಶರಣರು ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾದಿದರೆಂದು, ಅದರಿಂದಲೇ ಊರಿಗೆ ಆ ಹೆಸರು ಬಂತೆಂದು ಜನರ ಹೇಳಿಕೆ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಐಕ್ಯಸ್ಥಳ. ಇವನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಅದು ಕಾಡಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಉಳವಿಯ ಯಾತ್ರೆ ಕೈಗೊಳ್ಳುವವರು ಸಾಧ್ಯವಾದರೆ ಈ ಊರುಗಳನ್ನು ಹಾಯ್ದೇ ಹೋಗಬೇಕು. ನೇರವಾಗಿ ಹೋಗಿ ನೇರವಾಗಿ ಮರಳುವವರಿಗೆ ಈ ದಾರಿಯ ದುಃಖ ತಿಳಿಯದು.

‘ಉಳವಿ’ ಎಂಬ ಹೆಸರಿಗೆ ಶರಣರ ಉಳಿವು, ವಚನಗಳ ಉಳಿವು ಎಂದು ಅರ್ಥ ಹೇಳುವ ವಾಡಿಕೆಯಿದೆ. ಶಬ್ದಶಾಸ್ತ್ರ ಇದನ್ನು ಒಪ್ಪುವುದೋ ಇಲ್ಲವೋ, ಅರ್ಥವಂತೂ ಸ್ಥಳಕ್ಕೆ ಒಪ್ಪುತ್ತದೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು. ಅವರ ಕೈಗೆ ಸಿಗಲು ಓಲೆಗಳು ಉಳಿದಿದ್ದುದಕ್ಕೆ ಕಾರಣ, ಹೊರೆ ಹೊತ್ತು ನಡೆದ ಹೆಸರಿಲ್ಲದ ಅನೇಕರ ಕಾಲುಗಳು.

ಕ್ಷೇತ್ರವು ಬೆಟ್ಟಗಳ ನಡುವಿನ ಒಂದು ತಗ್ಗಿನಲ್ಲಿದೆ. ವರ್ಷದ ಬಹುಭಾಗ ಇಲ್ಲಿ ಜನ ಕಡಿಮೆ. ದೇವಸ್ಥಾನದ ಅಂಗಳದಲ್ಲಿ ನಿಂತರೆ ಸುತ್ತಣ ಕಾಡಿನ ಹಕ್ಕಿಯ ಕೂಗು, ಕೆರೆಯ ನೀರಿನ ಸಪ್ಪಳ ಕಿವಿಗೆ ಬೀಳುತ್ತವೆ. ಒಳಗೆ ಚನ್ನಬಸವಣ್ಣನವರ ಗದ್ದುಗೆ. ‘ಕರಣಹಸಿಗೆ’ಯಂಥ ಗಹನವಾದ ಕೃತಿಯನ್ನು ಯಾರ ಹೆಸರಿನಿಂದ ನಾವು ಬಲ್ಲೆವೋ, ಅನುಭವ ಮಂಟಪದಲ್ಲಿ ಹಿರಿಯರ ಪ್ರಶ್ನೆಗಳಿಗೆ ಕಿರಿಯ ವಯಸ್ಸಿನಲ್ಲೇ ಯಾರು ಉತ್ತರ ಕೊಟ್ಟರೋ, ಅವರು ಇಲ್ಲಿ ಈ ಮೌನದಲ್ಲಿ ಬಯಲಾದರು.

ಮಾಘ ಮಾಸದ ಭರತ ಹುಣ್ಣಿಮೆಯ ಹೊತ್ತಿಗೆ ಮಾತ್ರ ಈ ಮೌನ ಮುರಿಯುತ್ತದೆ. ಉಳವಿ ಜಾತ್ರೆಯ ಸೊಬಗು ತೇರಿನಲ್ಲಿರುವಷ್ಟೇ ದಾರಿಯಲ್ಲಿದೆ. ಧಾರವಾಡದ ಕಡೆಯಿಂದ ಹೊರಟ ಚಕ್ಕಡಿ ಸುಮಾರು 120 ಕಿಲೋಮೀಟರು ಸಾಗಬೇಕು. ಎತ್ತಿನ ನಡಿಗೆಗೆ ಅದು ಐದಾರು ದಿನದ ಮಾತು. ಎತ್ತುಗಳಿಗೆ ಜೂಲ, ಕೊರಳಿಗೆ ಗೆಜ್ಜೆಸರ, ಬಂಡಿಯ ಮೇಲೆ ಕಮಾನಿನ ಹೊದಿಕೆ. ಒಳಗೆ ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಇಡೀ ಮನೆ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ಕರಿದ ಕಡುಬು. ಹಳಿಯಾಳ ದಾಟಿದೊಡನೆ ಹೊಲಗಳು ಮುಗಿದು ಸಾಗುವಾನಿ, ಮತ್ತಿ, ಬಿದಿರಿನ ಕಾಡು ಎದುರಾಗುತ್ತದೆ. ಕತ್ತಲಾಗುವ ಮುನ್ನ ನೀರಿನ ಆಸರೆ ಕಂಡಲ್ಲಿ ಕೊರಳು ಬಿಚ್ಚಿ, ಎತ್ತುಗಳಿಗೆ ಮೇವು ಹಾಕಿ, ಬೆಂಕಿಯ ಸುತ್ತ ಕುಳಿತು ಭಜನೆಗೆ ತೊಡಗುತ್ತಾರೆ. ಮೊದಲ ದಿನ ಅಪರಿಚಿತರಾಗಿದ್ದ ನಾಲ್ಕು ಊರಿನ ಬಂಡಿಗಳು ಮೂರನೆಯ ದಿನಕ್ಕೆ ಒಂದೇ ಒಲೆಯವರಾಗಿರುತ್ತಾರೆ. ಇಳಿಜಾರಿನಲ್ಲಿ ಒಬ್ಬರ ಗಾಲಿಗೆ ಇನ್ನೊಬ್ಬರು ತಡೆ ಕೊಡುತ್ತಾರೆ. ಏರಿನಲ್ಲಿ ಸೋತ ಎತ್ತಿಗೆ ಬೇರೆಯವರ ಜೋಡಿ ಹೆಗಲು ಕೊಡುತ್ತದೆ. ಟ್ರ್ಯಾಕ್ಟರು, ಟೆಂಪೋ, ಕಾರುಗಳು ಹೆಚ್ಚಿದ ಈ ಕಾಲದಲ್ಲೂ ಚಕ್ಕಡಿಯ ಸಾಲು ನಿಂತಿಲ್ಲ. ಟ್ರ್ಯಾಕ್ಟರಿಗೆ ಧ್ವನಿವರ್ಧಕ ಕಟ್ಟಿಕೊಂಡು ಕಾಡಿನ ನಡುವೆ ಸಿನಿಮಾ ಹಾಡು ಹಾಕುವ ಹೊಸ ರೂಢಿಯನ್ನು ಮಾತ್ರ ಯಾವ ಭಕ್ತಿಯ ಲೆಕ್ಕಕ್ಕೂ ಸೇರಿಸಲು ಈ ಲೇಖಕನಿಗೆ ಮನಸ್ಸಾಗದು. ಹರಹರ ಮಹಾದೇವ ಎಂಬ ಘೋಷ ಸಾಕು. ಬೆಟ್ಟವೇ ಅದನ್ನು ಮರುನುಡಿಯುತ್ತದೆ.

ಇನ್ನು ಗವಿಗಳು. ಉಳವಿಯ ಸುತ್ತಣ ಬೆಟ್ಟಗಳಲ್ಲಿ ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ, ಆಕಳ ಗವಿ, ವಿಭೂತಿ ಕಣಜ ಎಂದು ಮುಂತಾಗಿ ಕರೆಯಲ್ಪಡುವ ತಾಣಗಳಿವೆ. ಹರಳಯ್ಯನ ಚಿಲುಮೆ ಎಂಬ ನೀರಿನ ಸೆಲೆಯೂ ಇದೆ. ಶರಣರು ಇಲ್ಲಿ ವಾಸವಾಗಿದ್ದರು, ವಚನದ ಕಟ್ಟುಗಳನ್ನು ಬಚ್ಚಿಟ್ಟರು, ಪೂಜೆ ಮಾಡಿದರು ಎಂಬುದು ಪರಂಪರೆಯ ನಂಬಿಕೆ. ಆಕಳ ಗವಿಗೆ ಕಾಡಿನ ಕಾಲುದಾರಿಯಲ್ಲಿ ಏರಿಳಿದು ಹೋಗಬೇಕು. ಒಳಗೆ ಮೇಲ್ಛಾವಣಿಯಿಂದ ಆಕಳ ಕೆಚ್ಚಲಿನಂತೆ ಕಲ್ಲುಗಳು ಜೋತುಬಿದ್ದಿವೆ; ತುದಿಯಿಂದ ತೊಟ್ಟು ತೊಟ್ಟಾಗಿ ನೀರು ಜಿನುಗುತ್ತದೆ. ವಿಭೂತಿ ಕಣಜದ ಬಿಳುಪು ಮಣ್ಣನ್ನು ಭಕ್ತರು ವಿಭೂತಿಯೆಂದೇ ಹಣೆಗಿಟ್ಟುಕೊಳ್ಳುತ್ತಾರೆ.

ಈ ಜೋತುಗಲ್ಲುಗಳು ಬೆಳೆಯುವ ರೀತಿಯನ್ನು ಮಕ್ಕಳಿಗೆ ತಿಳಿಸಬೇಕು. ಸುಣ್ಣಕಲ್ಲಿನ ಬೆಟ್ಟದ ಮೇಲೆ ಬಿದ್ದ ಮಳೆನೀರು ಎಲೆ ಕೊಳೆತ ಮಣ್ಣಿನಲ್ಲಿ ಇಳಿಯುವಾಗ ಅಲ್ಲಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಗವಿಯ ಛಾವಣಿಗೆ ಬಂದು ಹನಿಯಾಗಿ ನಿಂತಾಗ ಅನಿಲ ಗಾಳಿಗೆ ಹೋಗಿ ಕರಗಿದ್ದ ಸುಣ್ಣ ಕಣವಾಗಿ ಅಂಟುತ್ತದೆ. ಹೀಗೆ ಮೇಲಿನಿಂದ ಕೆಚ್ಚಲು ಇಳಿಯುತ್ತದೆ. ಹನಿ ಬಿದ್ದ ನೆಲದಿಂದ ಲಿಂಗಾಕಾರ ಏಳುತ್ತದೆ. ಬೆಳವಣಿಗೆ ಎಷ್ಟು ನಿಧಾನವೆಂದರೆ ಇಂಥ ಗವಿಗಳಲ್ಲಿ ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗೆ ನೂರು ವರ್ಷದ ಲೆಕ್ಕ. ಶರಣರು ಬಂದಂದಿನಿಂದ ಇಂದಿನವರೆಗೆ ಅಂಗೈ ಅಗಲದಷ್ಟು ಬೆಳೆದಿದ್ದರೆ ಹೆಚ್ಚು. ಎಂದಮೇಲೆ, ಚನ್ನಬಸವಣ್ಣನವರ ಕಾಲದ ಶರಣರು ದೀಪ ಹಿಡಿದು ನೋಡಿರಬಹುದಾದ ಕಲ್ಲನ್ನೇ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ನಾವು ನೋಡುತ್ತಿದ್ದೇವೆ. ಕಲ್ಯಾಣದಲ್ಲಿ ಶರಣರ ಕಾಲದ ಗೋಡೆಯೊಂದನ್ನು ಗುರುತಿಸುವುದು ಎಷ್ಟು ಕಷ್ಟ! ಇಲ್ಲಿ ಅಂಥ ಸಾಕ್ಷಿಯನ್ನು ನಿಸರ್ಗವೇ ಇಟ್ಟುಕೊಂಡಿದೆ.

ಇದನ್ನು ಅರಿತರೆ ಒಂದು ನೋವೂ ಅರಿವಾಗುತ್ತದೆ. ಮನೆಯ ಜಗುಲಿಗೆಂದು ಒಂದು ಚೂರು ಮುರಿದುಕೊಂಡು ಹೋಗುವವರಿದ್ದಾರೆ. ಮುರಿಯದಿದ್ದರೂ ಮುಟ್ಟಿ ಮುಟ್ಟಿ ಸವೆಸುವವರು ಬಹಳ. ಕೈಯ ಜಿಡ್ಡು ಅಂಟಿದ ಕಡೆ ಹೊಸ ಸುಣ್ಣ ಕೂಡುವುದಿಲ್ಲ. ಕಲ್ಲಿನ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಕರ್ಪೂರದ, ಎಣ್ಣೆ ದೀಪದ ಹೊಗೆ ಛಾವಣಿಗೆ ಮಸಿ ಬಳಿಯುತ್ತದೆ. ಇಷ್ಟಲಿಂಗವನ್ನು ಕರದಲ್ಲಿಟ್ಟು ಪೂಜಿಸುವ ನಮಗೆ ಗವಿಯ ಕಲ್ಲಿಗೆ ಎಣ್ಣೆ, ಕುಂಕುಮ ಹಚ್ಚುವ ಅವಶ್ಯಕತೆಯಾದರೂ ಏನು? ಬ್ಯಾಟರಿ ದೀಪ ಹಿಡಿದು ಹೋಗಿ, ನೋಡಿ, ನಾಲ್ಕು ಗಳಿಗೆ ಕುಳಿತು ಬರಬಹುದು. ಬಾವಲಿಗಳಿಗೂ ಅದು ಮನೆ ಎಂಬುದನ್ನು ಮರೆಯಬಾರದು.

ಇದೇ ಬಗೆಯ ಇನ್ನೊಂದು ಗುಹೆ ದಾಂಡೇಲಿಯ ಅರಣ್ಯದೊಳಗಿನ ಕವಳಾ. ನೆಲದಿಂದ ಎದ್ದ ಸುಣ್ಣಗಲ್ಲಿನ ಲಿಂಗವನ್ನು ಅಲ್ಲಿ ಕವಳೇಶ್ವರನೆಂದು ಪೂಜಿಸುತ್ತಾರೆ. ನೂರಾರು ಮೆಟ್ಟಿಲುಗಳ ದಾರಿ. ಒಳಗೆ ಬಾಗಿ, ತೆವಳಿ ಸಾಗಬೇಕು. ವಯಸ್ಸಾದವರಿಗೆ ಹೇಳಿದ್ದಲ್ಲ. ಶಿವರಾತ್ರಿಯಂದು ಜನ ಸೇರುತ್ತಾರೆ.

ದಾಂಡೇಲಿಯಿಂದ ಪೋಟೋಲಿ, ಗುಂದದ ಮಾರ್ಗವಾಗಿ ಉಳವಿಗೆ ಬರುವವರಿಗೆ ನಡುವೆ ಸಿಂಥೇರಿ ಬಂಡೆ ಸಿಗುತ್ತದೆ. ಸುಮಾರು 300 ಅಡಿ ಎತ್ತರದ ಒಂದೇ ಬಂಡೆ ಕಾಡಿನ ನಡುವೆ ಗೋಡೆಯಂತೆ ನಿಂತಿದೆ. ಬುಡದಲ್ಲಿ ಕಾನೇರಿ ಹೊಳೆ ಬಂಡೆಯನ್ನು ಕೊರೆದು ಗುಹೆಗಳನ್ನು ಮಾಡಿದೆ. ಪೊಟರೆಗಳಲ್ಲಿ ಪಾರಿವಾಳ, ಮೇಲೆ ಹೆಜ್ಜೇನಿನ ಹುಟ್ಟುಗಳು. ಮೆಟ್ಟಿಲಿಳಿದು ಹೋಗಿ ನೋಡಬಹುದು. ನೀರಿಗೆ ಇಳಿಯಬಾರದು, ಸುಳಿಗಳಿವೆ. ಜೇನಿದ್ದಲ್ಲಿ ಕೂಗಾಟ, ಹೊಗೆ ಎರಡೂ ಸಲ್ಲದು. ದಾರಿಯ ಎತ್ತರದ ಮರಗಳಲ್ಲಿ ಮಂಗಟ್ಟೆ ಹಕ್ಕಿ ಕಂಡರೆ ವಾಹನ ನಿಲ್ಲಿಸಿ ಮಕ್ಕಳಿಗೆ ತೋರಿಸಬೇಕು. ನಾಲ್ಕು ಜಾತಿಯ ಮಂಗಟ್ಟೆಗಳು ಈ ಕಾಡಿನಲ್ಲಿವೆ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಕಂಡಿ ಬಿಟ್ಟು ಕಾವಿಗೆ ಕೂರುತ್ತದೆ. ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಉಣಿಸುತ್ತದೆ. ಗೃಹಸ್ಥ ಧರ್ಮವನ್ನು ಬಲ್ಲ ಪಕ್ಷಿ.

ಕೊಳ್ಳದ ಕಥೆಯಲ್ಲಿ ಶರಣರ ವಲಸೆಯೊಂದೇ ವಲಸೆಯಲ್ಲ. ಕಾಳಿಯೂ ಪಾಂಡರಿ ಹೊಳೆಯೂ ಕೂಡುವ ಸ್ಥಳದಲ್ಲಿ ಸೂಪಾ ಎಂಬ ಊರಿತ್ತು. ಅದೇ ತಾಲೂಕಿನ ಮುಖ್ಯಸ್ಥಳ. ಗಣೇಶಗುಡಿಯಲ್ಲಿ 101 ಮೀಟರು ಎತ್ತರದ ಅಣೆಕಟ್ಟು ಎದ್ದು 1980ರ ದಶಕದಲ್ಲಿ ನೀರು ನಿಂತಾಗ ಆ ಊರು, ಸುತ್ತಣ ಹಳ್ಳಿಗಳು, ಗದ್ದೆಗಳು ಮುಳುಗಿದವು. ಕಚೇರಿಗಳು ಜೋಯಿಡಾಕ್ಕೆ ಹೋದವು. ಜನರಲ್ಲಿ ಅನೇಕರು ರಾಮನಗರದ ಪುನರ್ವಸತಿಗೆ ಹೋದರು. ಜಲಾಶಯ ಹಿಡಿಯುವ ನೀರು ಸುಮಾರು 145 ಟಿ.ಎಂ.ಸಿ. ಅಣೆಕಟ್ಟಿನ ಬುಡದಲ್ಲಿ 100 ಮೆಗಾವಾಟ್ ವಿದ್ಯುತ್ತು. ಅದೇ ನೀರು ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಮತ್ತೆ ಚಕ್ರ ತಿರುಗಿಸುತ್ತದೆ. ನಮ್ಮ ಬಯಲುಸೀಮೆಯ ಮನೆಗಳ ದೀಪ, ಹೊಲಗಳ ಪಂಪು ಈ ಕೊಳ್ಳದ ಋಣದಲ್ಲಿವೆ. ಬೇಸಿಗೆಯಲ್ಲಿ ನೀರು ಬಹಳ ತಗ್ಗಿದ ವರ್ಷ ಹಳೆಯ ಸೂಪಾದ ಕಟ್ಟಡಗಳ ಅವಶೇಷ ತಲೆಯೆತ್ತುವುದುಂಟು. ಅಲ್ಲಿ ಹುಟ್ಟಿದವರು ಬಂದು ತಮ್ಮ ಓಣಿಯನ್ನು ಹುಡುಕುತ್ತಾರೆ.

ಕೊಳ್ಳದಲ್ಲಿ ಉಳಿದವರು ಯಾರು? ಕೊಂಕಣಿ ಮಾತನಾಡುವ ಕುಣಬಿಗಳು, ಎಮ್ಮೆ ಸಾಕುವ ಗೌಳಿಗಳು, ಸಿದ್ದಿಗಳು. ಕುಣಬಿ ಮನೆಗಳ ಹಿತ್ತಿಲಿನಲ್ಲಿ ಬೆಳೆಯುವ ಗೆಡ್ಡೆ ಗೆಣಸಿನ ತಳಿಗಳು ಜೋಯಿಡಾದ ಹೆಮ್ಮೆ. ಅವಕ್ಕೆಂದೇ ಅಲ್ಲಿ ಮೇಳ ನಡೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಹೊಳೆ ತುಂಬಿ ದಾರಿ ಕಡಿದಾಗ ಹೊಟ್ಟೆಗೆ ಆಧಾರ ಈ ಗೆಡ್ಡೆಗಳೇ. ಈ ಸೀಮೆಯ ಬಹುಭಾಗವು ಇಂದು ಹುಲಿ ಸಂರಕ್ಷಿತ ಪ್ರದೇಶ. 1956ರ ದಾಂಡೇಲಿ ಅಭಯಾರಣ್ಯ, 1987ರ ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಯೋಜನೆಗೆ ಒಳಪಟ್ಟವು. 2015ರಲ್ಲಿ ಅದಕ್ಕೆ ನದಿಯ ಹೆಸರೇ ಬಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಕಾಡಿನೊಳಗಿನ ಕುಟುಂಬಗಳಿಗೆ ಪರಿಹಾರ ಕೊಟ್ಟು, ಒಪ್ಪಿದವರನ್ನು ಹೊರಗೆ ನೆಲೆಗೊಳಿಸುವ ಕೆಲಸವೂ ನಡೆದಿದೆ. ಆದರೆ ಅಣೆಕಟ್ಟಿಗಾಗಿ ಒಮ್ಮೆ ಎದ್ದ ಸೀಮೆಯಲ್ಲೇ ಮತ್ತೆ ಗಂಟು ಕಟ್ಟುವ ಮಾತು ಎಷ್ಟು ಭಾರವಾದುದೆಂಬುದು, ಕಲ್ಯಾಣವನ್ನು ಬಿಟ್ಟು ಬಂದವರ ವಾರಸುದಾರರಾದ ನಮಗೆ ಅರ್ಥವಾಗದೆ ಇರಬಾರದು. ಅಂದು ನಮ್ಮವರಿಗೆ ಈ ಮಲೆ ಆಸರೆ ಕೊಟ್ಟಿತು. ಇಂದು ಜಾತ್ರೆಯ ವಾರ ನಾವು ಬಿಟ್ಟು ಬರುವ ಪ್ಲಾಸ್ಟಿಕ್ ಚೀಲ, ನೀರಿನ ಬಾಟಲಿ, ಊಟದ ತಟ್ಟೆಗಳನ್ನು ಎತ್ತುವವರೂ, ಕೆಟ್ಟ ಹೊಳೆಯ ನೀರನ್ನು ಕುಡಿಯುವವರೂ ಈ ಹಳ್ಳಿಗಳವರೇ. ಮುತ್ತುಗದ ಎಲೆಯ ಪತ್ರಾವಳಿ, ಬಟ್ಟೆಯ ಬುತ್ತಿಗಂಟು, ತಾಮ್ರದ ತಂಬಿಗೆ ನಮ್ಮ ಹಿರಿಯರಿಗೆ ಸಾಕಾಗಿದ್ದವು. ದಾಸೋಹವೆಂಬ ಮಾತಿಗೆ ಅನ್ನ ನೀಡುವುದಷ್ಟೇ ಅಲ್ಲದೆ, ಉಂಡ ನೆಲವನ್ನು ಶುಚಿಯಾಗಿಡುವುದೂ ಸೇರಿದೆ ಎಂದು ನನ್ನ ತಿಳುವಳಿಕೆ. ಮರಳುವ ದಾರಿಯಲ್ಲಿ ಕುಣಬಿ ಹೆಣ್ಣುಮಕ್ಕಳು ಮಾರಲು ಇಟ್ಟ ಗೆಡ್ಡೆಗಳು ಕಂಡರೆ ಚೌಕಾಸಿ ಮಾಡದೆ ಒಂದಿಷ್ಟು ಕೊಂಡು ತರುವುದು ಒಳ್ಳೆಯದು. ಪಲ್ಯಕ್ಕೂ ರುಚಿ.

ಯಾತ್ರಿಕರಿಗೆ ಕೆಲವು ಮಾತು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಮಳೆಗಾಲದಲ್ಲಿ ಗವಿಗಳ ಕಾಲುದಾರಿ ಜಾರುತ್ತದೆ, ಜಿಗಣೆಯ ಕಾಟವೂ ಇದೆ. ಗವಿಗಳನ್ನು ನೆಮ್ಮದಿಯಿಂದ ನೋಡಬೇಕೆನ್ನುವವರು ಜಾತ್ರೆಯ ದಿನ ಬಿಟ್ಟು, ಸ್ಥಳೀಯರೊಬ್ಬರನ್ನು ಕರೆದುಕೊಂಡು ಹಗಲಿನಲ್ಲೇ ಹೋಗಿ ಬರಬೇಕು. ದಾಂಡೇಲಿ, ಜೋಯಿಡಾಗಳಿಂದ ಬಸ್ಸಿನ ಸೌಕರ್ಯವಿದೆ. ಕ್ಷೇತ್ರದಲ್ಲಿ ವಸತಿ, ಪ್ರಸಾದದ ವ್ಯವಸ್ಥೆಯಿದೆ. ಅರಣ್ಯದೊಳಗಿನ ತಾಣಗಳಿಗೆ ಇಲಾಖೆಯ ಅನುಮತಿ, ಸಮಯದ ಕಟ್ಟಳೆಗಳನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಒಂದು ದಿನ ಹೆಚ್ಚು ಇರುವವರು ಬಂದ ದಾರಿಯಲ್ಲಿ ಮರಳದೆ ಕುಂಬಾರವಾಡ, ಅಣಶಿ ಘಟ್ಟದ ಮಾರ್ಗವಾಗಿ ಕಾರವಾರಕ್ಕೆ ಇಳಿಯಬಹುದು. ಕದ್ರಾದ ಬಳಿ ಕಾಳಿ ಮತ್ತೆ ಎದುರಾಗಿ, ಸದಾಶಿವಗಡದ ಬುಡದಲ್ಲಿ ಅಗಲವಾಗಿ ಹರಡಿ ಕಡಲಿಗೆ ಸೇರುವುದನ್ನು ಸಂಜೆಯ ಬೆಳಕಿನಲ್ಲಿ ನೋಡಲು ಹೊತ್ತು ಸಾಕಾಗುತ್ತದೆ.